ಅತ್ತರಿನ ಕುಪ್ಪಿಗಳು

ಸಾಂಗಲಿಯೆಂದೊಡನೆ ಅರಿಸಿನದ ಪೇಟೆಯೂ, ಮಿರಜೆಯೆಂದೊಡನೆ ತಂಬೂರಿಯೂ ವಾಚಕರ ನೆನಪಿಗೆ ಬರುವುದು ಸಹಜವೇ ಆಗಿದೆ. ಆದರೆ ಈ ಅವಳಿ ಊರುಗಳ ಹಳೆಯ ಮನೆಗಳಲ್ಲಿ ಒಂದು ಕಾಲಕ್ಕೆ ಮಂಗಲಕಾರ್ಯವೆಂದರೆ ಹೊರಬರುತ್ತಿದ್ದ ಅತ್ತರದಾನಿ, ಗುಲಾಬದಾನಿ, ಗಾಜಿನ ಕುಪ್ಪಿಗಳ ಮಾತನ್ನು ಯಾರೂ ಎತ್ತುವುದಿಲ್ಲ. ಇವುಗಳನ್ನು ಕೂಡಿಸಿ ಮನೆಯಲ್ಲಿಡುವ ಹವ್ಯಾಸವು ಕೆಲವು ವರ್ಷಗಳಿಂದ ನಮಗೆ ಅಂಟಿಕೊಂಡಿದೆ. ಪ್ರಾಥಮಿಕ ಶಾಲೆಯ ಶಿಕ್ಷಕರ ಸಂಬಳದಲ್ಲಿ ಎಷ್ಟು ಕೂಡೀತು? ಗೋಡೆಯ ಗೂಡೊಂದು ತುಂಬಿದೆ, ಅಷ್ಟೇ.

ಸುಗಂಧವು ನಮ್ಮ ನಾಡಿಗೆ ಹೊರಗಿನಿಂದ ಬಂದ ಶೋಕಿಯೆಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಕ್ರಿ.ಶ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಸುಗಂಧದ್ರವ್ಯಗಳ ತಯಾರಿಕೆಯೂ ಸೇರಿದೆ. ಮುಂದಿನ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಗಂಧಲೇಪನವನ್ನು ಅರಸನ ಭೋಗಗಳಲ್ಲಿ ಎಣಿಸುತ್ತದೆ. ಅಂದಿನ ಶಾಸನಗಳಲ್ಲಿ ನಮ್ಮ ಮಿರಜೆಯ ಹೆಸರು ಮಿರಿಂಜೆ. ಆದರೆ ದುಂಡು ಹೊಟ್ಟೆ, ನೀಳವಾದ ಕೊರಳು, ತುದಿಯಲ್ಲಿ ತೂತುಗಳುಳ್ಳ ಮೊಗ್ಗು—ಈ ಗುಲಾಬದಾನಿಯ ರೂಪವು ಪಾರಸಿಕ ದೇಶದ ಕಡೆಯಿಂದ ಸುಲ್ತಾನರ ದರಬಾರುಗಳ ಮೂಲಕ ಬಂದುದು. ಮಿರಜೆಯು ವಿಜಾಪುರದ ಆದಿಲಶಾಹಿಗೆ ಸೇರಿದ್ದಾಗ, ಎರಡನೆಯ ಇಬ್ರಾಹಿಮನಿಗಾಗಿ (1580–1627) ಅತ್ತರುಗಳ ಬಗ್ಗೆಯೇ ಒಂದು ಪಾರಸಿ ಗ್ರಂಥವು ಸಿದ್ಧವಾಯಿತು.

ಪಟವರ್ಧನರ ಕಾಲದಲ್ಲಿ ಅತ್ತರ-ಗುಲಾಬವು ದರಬಾರು ಮುಗಿಯಿತೆಂಬುದರ ಸೂಚನೆಯಾಗಿತ್ತು. ಅತ್ತರನ್ನು ಕೈಗೆ ಸವರಿ, ಪನ್ನೀರು ಚಿಮುಕಿಸಿ, ವೀಳ್ಯವನ್ನು ಕೊಟ್ಟರೆಂದರೆ ಅತಿಥಿಯು ಮೇಲೇಳಬೇಕು. ‘ಹೊರಡಿರಿ’ ಎನ್ನುವುದಕ್ಕೆ ಇದಕ್ಕಿಂತ ಸಭ್ಯವಾದ ರೀತಿಯನ್ನು ನಾವು ಕಾಣೆವು. 1801ರಲ್ಲಿ ಮಿರಜೆಯಿಂದ ಬೇರೆಯಾದ ಸಾಂಗಲಿಗೆ ತೇರದಾಳ, ಶಿರಹಟ್ಟಿಗಳೂ, ಮಿರಜೆಯ ಹಿರಿಯ ಸಂಸ್ಥಾನಕ್ಕೆ ಲಕ್ಷ್ಮೇಶ್ವರವೂ ಸೇರಿದ್ದವು. ಹೀಗೆ ಕನ್ನಡ ಸೀಮೆಯ ದೇಸಾಯಿ-ದೇಶಪಾಂಡೆಯವರಿಗೂ ಈ ದರಬಾರುಗಳ ಮರ್ಯಾದೆ ತಿಳಿದಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನವಾದವು. ದರಬಾರು ಹೋಯಿತು, ದಾನಿಗಳು ಮಾತ್ರ ಮದುವೆಯ ಮನೆಗಳಲ್ಲಿ ಉಳಿದವು.

ನಮ್ಮ ಗೂಡಿನಲ್ಲಿ ಬೆಲೆಯುಳ್ಳ ವಸ್ತುವೆಂದರೆ ಬೀದರಿನ ಒಂದು ಅತ್ತರದಾನಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆಗಳನ್ನು ಕೂಡಿಸಿ, ಬೀದರ ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪೇರಿಸುವ ಕಸಬು ಅದು. ಮಿರಜೆಯ ಮೋಡಕಾ ಬಜಾರದಲ್ಲಿ ಕೊಂಡುತಂದ ದಿನವೇ ನಾವು ಅದನ್ನು ಹಿತ್ತಾಳೆಯ ಚೆಂಬೆಂದೇ ಬಗೆದು ಹುಣಿಸೆಹಣ್ಣಿನಿಂದ ತಿಕ್ಕಿದೆವು. ಕಪ್ಪು ಹೋಗಿ ಒಂದು ಮಗ್ಗುಲು ಬೂದಿಬಣ್ಣವಾಯಿತು. ಬೆಳ್ಳಿಯ ಬಳ್ಳಿಯು ಇದ್ದೂ ಕಾಣದಾಯಿತು. ಆ ಮಗ್ಗುಲನ್ನು ಈಗ ಗೋಡೆಗೆ ತಿರುಗಿಸಿ ಇಟ್ಟಿದ್ದೇವೆ.

ಉಳಿದವು ಗಾಜಿನವು. ಅತ್ತರು ಎಣ್ಣೆಯ ಜಾತಿಯದು; ಹೂವಿನ ಉಗಿಯನ್ನು ಶ್ರೀಗಂಧದೆಣ್ಣೆಯಲ್ಲಿ ಹಿಡಿದು ಮಾಡುವುದು ಕನೋಜದ ಪದ್ಧತಿ. ಅಲ್ಲಿಯವರು ಅದನ್ನು ಮೊದಲು ಚರ್ಮದ ಕುಪ್ಪಿಯಲ್ಲಿಟ್ಟು ನೀರಿನಂಶವು ಆರಿಹೋಗುವಂತೆ ಮಾಡುತ್ತಿದ್ದರು, ಗಾಜು ಆಮೇಲಿನದು. ಒಂದು ಹನಿಯ ಬೆಲೆಯೇ ಹೆಚ್ಚಾದ್ದರಿಂದ ಕುಪ್ಪಿಯು ಹೆಬ್ಬೆರಳಿಗಿಂತ ದೊಡ್ಡದಿರುವುದಿಲ್ಲ, ಬಿರಡೆಯು ಕೊರಳಿಗೆ ಸರಿಯಾಗಿ ತಿಕ್ಕಿ ಕೂಡಿಸಿದ್ದು. ಬಿರಡೆ ಸಿಕ್ಕಿಕೊಂಡರೆ ಬಲಪ್ರಯೋಗ ಬೇಡ. ಒಂದು ತೊಟ್ಟು ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಬೇಕು. ಇವುಗಳ ನಡುವೆ ಒಂದು ಕಡುನೀಲಿ ಶೀಶೆಯೂ ಇದೆ: 1928ರಲ್ಲಿ ಫ್ರಾನ್ಸಿನಲ್ಲಿ ಹೊರಬಂದ ‘ಈವ್ನಿಂಗ್ ಇನ್ ಪ್ಯಾರಿಸ್’ನದು. ಒಳಗೆ ಏನೂ ಇಲ್ಲ. ಸಂಜೆಯ ಬಿಸಿಲು ಕಿಟಕಿಯಿಂದ ಬಿದ್ದಾಗ ಅದರ ನೀಲಿ ನೆರಳು ಎದುರಿನ ಗೋಡೆಗೆ ಹತ್ತುತ್ತದೆ. ಅತ್ತರು ಉಳಿದಿರುವ ಕುಪ್ಪಿಗಳನ್ನು ಮಾತ್ರ ಬಿಸಿಲಿಗೆ ಇಡುವುದಿಲ್ಲ, ತೊಳೆಯುವುದೂ ಇಲ್ಲ. ತೊಳೆದರೆ ಉಳಿಯುವುದು ಬರೀ ಗಾಜು.

ಪ್ರತಿಯೊಂದರ ಕೆಳಗೂ ಒಂದು ಚೀಟಿ ಇಟ್ಟಿದ್ದೇವೆ: ಯಾವ ಊರಿನದು, ಎಂಥ ಮನೆಯದು, ಯಾವ ಕಾರ್ಯಕ್ಕೆ ಹೊರಬರುತ್ತಿತ್ತು. ಮೋಡಕಾದವರಿಗೆ ಇದನ್ನು ಕೇಳಿದರೆ ನಗುತ್ತಾರೆ. ಅವರಿಗೆ ತಿಳಿದಿರುವುದು ತೂಕ.

ಗೂಡಿನ ನಡುಮಧ್ಯೆ ವಸ್ತುವಿಲ್ಲದ ಒಂದು ಚೀಟಿಯುಂಟು. ನಮ್ಮ ಅಜ್ಜಿಯವರಿಗೆ ತವರಿನಿಂದ ಬಂದ ಬೆಳ್ಳಿಯ ಗುಲಾಬದಾನಿಯೊಂದು ಜತ್ತ ತಾಲೂಕಿನ ನಮ್ಮ ಮನೆಯಲ್ಲಿತ್ತಂತೆ. ಓಣಿಯ ಎಲ್ಲ ಮದುವೆಗಳಿಗೂ ಅದೇ ಎರವಲು ಹೋಗುತ್ತಿತ್ತು. 1972ರ ಬರಗಾಲದಲ್ಲಿ ದನಗಳಿಗೆ ಮೇವಿಲ್ಲದಾದಾಗ ಅಜ್ಜಿಯವರು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಪೇಟೆಗೆ ನಡೆದರು. ದನಗಳು ಉಳಿದವು. ದಾನಿಯನ್ನು ನಾವು ನೋಡಿಲ್ಲ. ಚಿನಿವಾರನು ಮರಾಠಿಯಲ್ಲಿ ಬರೆದುಕೊಟ್ಟ ರಸೀತಿಯು ಅವರ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು: ಬೆಳ್ಳಿಯ ಮೋಡು, ಇಪ್ಪತ್ತೊಂದು ತೊಲಿ. ಅದರ ಹಿಂಬದಿಯಲ್ಲಿ ಓಣಿಯ ಮುದುಕಿಯರನ್ನು ಕೇಳಿ, ಅದು ಯಾರಾರ ಮದುವೆಗೆ ಹೋಗಿತ್ತೆಂಬುದನ್ನು ಬರೆಯುತ್ತಿದ್ದೇವೆ. ಇದುವರೆಗೆ ಹದಿನಾಲ್ಕು ಮದುವೆಗಳಾಗಿವೆ.