ಮನೆಯ ಈಜುಕೊಳದ ವಿದ್ಯುತ್ ಉಪಕರಣಗಳು: ಬಾಂಡಿಂಗ್ ಮತ್ತು ಸುರಕ್ಷತಾ ಕ್ರಮಗಳು

ಅರಸೀಕೆರೆ, ಬೇಲೂರು ಮತ್ತು ಹಳೇಬೀಡು ವ್ಯಾಪ್ತಿಯಲ್ಲಿ ವಾಸದ ಮನೆ, ತೋಟದ ಮನೆ ಅಥವಾ ಹೋಂಸ್ಟೇ ಆವರಣದಲ್ಲಿ ಈಜುಕೊಳ ನಿರ್ಮಿಸಿ, ಅದಕ್ಕೆ ವಿದ್ಯುತ್ ಸೌಲಭ್ಯ ಕೋರುವ ಸಾರ್ವಜನಿಕರ ತಿಳುವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಹಿನ್ನೆಲೆ

2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ವರ್ತೂರು ಪ್ರದೇಶದ ವಸತಿ ಸಮುಚ್ಚಯವೊಂದರ ಈಜುಕೊಳದ ಬಳಿ ಬಾಲಕಿಯೊಬ್ಬಳು ಮೃತಪಟ್ಟಿದ್ದು, ವಿದ್ಯುತ್ ಆಘಾತವೇ ಕಾರಣವೆಂದು ಪೊಲೀಸ್ ತನಿಖೆಯಲ್ಲಿ ತಿಳಿದುಬಂದಿತು. ಒದ್ದೆಯಾದ ದೇಹದ ವಿದ್ಯುತ್ ರೋಧವು ಬಹಳವಾಗಿ ಕುಗ್ಗುವುದರಿಂದ, ಒಣ ನೆಲದ ಮೇಲೆ ಕೇವಲ ಜುಮ್ಮೆನಿಸುವ ಸೋರಿಕೆಯೂ ನೀರಿನಲ್ಲಿ ಪ್ರಾಣಾಂತಿಕವಾಗಬಹುದು.

ಅರ್ಥಿಂಗ್ ಒಂದೇ ಸಾಲದು

ಅರ್ಥಿಂಗ್ ಇದ್ದಲ್ಲಿ ಅಪಾಯವಿಲ್ಲವೆಂಬ ಭಾವನೆ ಸಾಮಾನ್ಯವಾಗಿದೆ. ಅರ್ಥಿಂಗ್ ಗುಂಡಿಯ ರೋಧವು ಮಣ್ಣಿನ ತೇವವನ್ನು ಅವಲಂಬಿಸಿರುತ್ತದೆ. ಮಳೆ ಕಡಿಮೆಯಿರುವ ಅರಸೀಕೆರೆ ಭಾಗದಲ್ಲಿ ಬೇಸಿಗೆಯಲ್ಲಿ ಈ ರೋಧ ಏರುವ ಸಂಭವ ಹೆಚ್ಚು. ಉದಾಹರಣೆಗೆ, ಮನೆಯ ಅರ್ಥಿಂಗ್ ಗುಂಡಿಯೊಂದನ್ನೇ ಅವಲಂಬಿಸಿದ ವ್ಯವಸ್ಥೆಯಲ್ಲಿ ರೋಧ 20 ಓಮ್ ಇದ್ದು, 230 ವೋಲ್ಟ್ ತಂತಿ ಪಂಪಿನ ಹೊರಕವಚಕ್ಕೆ ತಗುಲಿದರೆ ಹರಿಯುವ ವಿದ್ಯುತ್ ಹೆಚ್ಚೆಂದರೆ 11.5 ಆಂಪಿಯರ್. 16 ಆಂಪಿಯರ್‌ನ ಎಂ.ಸಿ.ಬಿ. ಇದಕ್ಕೆ ಬೀಳುವುದಿಲ್ಲ, ಕವಚದಲ್ಲಿ ವಿದ್ಯುತ್ ಉಳಿದೇ ಇರುತ್ತದೆ.

ಆದುದರಿಂದ ಈ ಎರಡು ರಕ್ಷಣೆಗಳೂ ಜೊತೆಗಿರತಕ್ಕದ್ದು:

1. ಆರ್.ಸಿ.ಸಿ.ಬಿ.: ಸೋರಿಕೆ 30 ಮಿಲಿಆಂಪಿಯರ್ ತಲುಪುವುದರೊಳಗೆ ಸರಬರಾಜನ್ನು ಕಡಿತಗೊಳಿಸುತ್ತದೆ.
2. ಬಾಂಡಿಂಗ್: ಕೈಗೆ, ಕಾಲಿಗೆ ತಗಲುವ ಲೋಹಭಾಗಗಳನ್ನೆಲ್ಲ ತಾಮ್ರದ ತಂತಿಯಿಂದ ಪರಸ್ಪರ ಜೋಡಿಸಿ, ರಕ್ಷಣಾ ಅರ್ಥ್ ತಂತಿಗೆ ಸೇರಿಸುವುದು. ಇದರಿಂದ ದೋಷ ಉಂಟಾದಾಗಲೂ ಎರಡು ಲೋಹಭಾಗಗಳ ನಡುವೆ ಅಪಾಯಕಾರಿ ವೋಲ್ಟೇಜ್ ವ್ಯತ್ಯಾಸ ಉಳಿಯುವುದಿಲ್ಲ.

ಬಾಂಡಿಂಗ್‌ಗೆ ಒಳಪಡುವ ಭಾಗಗಳು

ಏಣಿ, ಕೈಹಿಡಿ, ಲೋಹದ ಕೊಳವೆಗಳು, ಪಂಪ್ ಮತ್ತು ಫಿಲ್ಟರಿನ ಲೋಹಕವಚ, ಕೊಳದ ಕಾಂಕ್ರೀಟಿನ ಒಳಗಿನ ಕಬ್ಬಿಣದ ಸರಳುಗಳು. ಯಾಂತ್ರಿಕ ರಕ್ಷಣೆಯಿಲ್ಲದ ಬಾಂಡಿಂಗ್ ತಂತಿಯು ಕನಿಷ್ಠ 4 ಚದರ ಮಿ.ಮೀ. ತಾಮ್ರದ್ದಾಗಿರಬೇಕು. ಕಾಂಕ್ರೀಟ್ ಹಾಕಿದ ನಂತರ ಸರಳುಗಳನ್ನು ಜೋಡಿಸುವುದು ಕಷ್ಟಸಾಧ್ಯವಾದ್ದರಿಂದ, ಈ ಕೆಲಸವನ್ನು ನಿರ್ಮಾಣ ಹಂತದಲ್ಲಿಯೇ ಪೂರೈಸತಕ್ಕದ್ದು.

ಅಂತರದ ನಿಯಮಗಳು

ಐ.ಇ.ಸಿ. 60364-7-702 ಅಂತರರಾಷ್ಟ್ರೀಯ ಮಾನಕದ ಪ್ರಕಾರ ಕೊಳದ ಒಳಭಾಗ ವಲಯ 0, ಅಂಚಿನಿಂದ 2 ಮೀಟರ್‌ವರೆಗೆ ವಲಯ 1, ಅಲ್ಲಿಂದ ಮುಂದಿನ 1.5 ಮೀಟರ್ ವಲಯ 2 ಆಗಿರುತ್ತದೆ. ನೀರಿನೊಳಗಿನ ದೀಪಗಳಿಗೆ 12 ವೋಲ್ಟ್ ಎ.ಸಿ. ಮೀರದ ಸರಬರಾಜನ್ನು ಸುರಕ್ಷತಾ ಟ್ರಾನ್ಸ್‌ಫಾರ್ಮರ್ ಮೂಲಕ ಒದಗಿಸಿ, ಆ ಟ್ರಾನ್ಸ್‌ಫಾರ್ಮರನ್ನು ಈ ವಲಯಗಳ ಹೊರಗೆ ಇಡುವುದು ಸೂಕ್ತ. ಸಾಮಾನ್ಯ ಸ್ವಿಚ್, ಪ್ಲಗ್ ಮತ್ತು ಪಂಪುಗಳನ್ನು ಅಂಚಿನಿಂದ 3.5 ಮೀಟರ್ ಆಚೆಗೆ ಅಳವಡಿಸುವುದು ಕ್ಷೇಮಕರ.

ಅರ್ಜಿದಾರರ ಗಮನಕ್ಕೆ

1. ಹಾಸನ ಜಿಲ್ಲೆಯಲ್ಲಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವು ವಿದ್ಯುತ್ ವಿತರಿಸುತ್ತದೆ. ಪಂಪ್ ಮುಂತಾದವುಗಳಿಂದ ಮಂಜೂರಾದ ಲೋಡ್ ಮೀರುವುದಾದಲ್ಲಿ, ಹೆಚ್ಚುವರಿ ಲೋಡ್‌ಗಾಗಿ ಸಂಬಂಧಿಸಿದ ಉಪವಿಭಾಗ ಕಚೇರಿಗೆ ಅರ್ಜಿ ಸಲ್ಲಿಸತಕ್ಕದ್ದು.
2. ವೈರಿಂಗ್ ಕಾಮಗಾರಿಯನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಿ, ಪೂರ್ಣತಾ ವರದಿಯನ್ನು ಪಡೆಯತಕ್ಕದ್ದು.
3. ವೈರಿಂಗ್‌ಗೆ ಐ.ಎಸ್. 732, ಅರ್ಥಿಂಗ್‌ಗೆ ಐ.ಎಸ್. 3043 ಮಾನಕಗಳನ್ನು ಅನುಸರಿಸಲು ಗುತ್ತಿಗೆದಾರರಿಗೆ ತಿಳಿಸುವುದು. ಅರ್ಥಿಂಗ್ ರೋಧವನ್ನು ಬೇಸಿಗೆಯಲ್ಲಿ ಅಳೆಯಿಸುವುದು ಉತ್ತಮ.
4. ನ್ಯೂಟ್ರಲ್ ತಂತಿಯನ್ನು ಅರ್ಥಿಂಗ್ ಆಗಿ ಬಳಸಬಾರದು. ಪದೇ ಪದೇ ಬೀಳುವ ಆರ್.ಸಿ.ಸಿ.ಬಿ.ಯನ್ನು ತೆಗೆದು ನೇರ ಸಂಪರ್ಕ ಕೊಡಬಾರದು. ಅದು ಬೀಳುವುದು ಸೋರಿಕೆಯ ಎಚ್ಚರಿಕೆಯಾಗಿರುತ್ತದೆ.
5. ಆರ್.ಸಿ.ಸಿ.ಬಿ.ಯ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವುದು. ಒತ್ತಿದಾಗ ಸರಬರಾಜು ನಿಲ್ಲದಿದ್ದರೆ, ಅದನ್ನು ಬದಲಾಯಿಸುವವರೆಗೆ ಕೊಳವನ್ನು ಬಳಸಬಾರದು.

ಅವಘಡ ಸಂಭವಿಸಿದಲ್ಲಿ

ನೀರಿನಲ್ಲಿರುವವರಿಗೆ ಆಘಾತವಾದಂತೆ ಕಂಡರೆ ರಕ್ಷಣೆಗಾಗಿ ಕೊಳಕ್ಕೆ ಇಳಿಯಬಾರದು. ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ನಂತರ ಹೊರತೆಗೆಯತಕ್ಕದ್ದು. ಆಂಬುಲೆನ್ಸ್‌ಗೆ 108, ತುರ್ತು ನೆರವಿಗೆ 112, ವಿದ್ಯುತ್ ಸಹಾಯವಾಣಿಗೆ 1912 ಸಂಖ್ಯೆಗೆ ಕರೆ ಮಾಡಬಹುದು. ಪ್ರಾಣಹಾನಿ ಅಥವಾ ಗಾಯಗಳಾದ ವಿದ್ಯುತ್ ಅವಘಡಗಳ ಸೂಚನೆಯನ್ನು ವಿದ್ಯುಚ್ಛಕ್ತಿ ಅಧಿನಿಯಮ, 2003ರ ಕಲಂ 161ರನ್ವಯ ವಿದ್ಯುತ್ ಪರಿವೀಕ್ಷಕರಿಗೆ ನೀಡಬೇಕಾಗಿರುವುದರಿಂದ, ಪರಿಶೀಲನೆ ಮುಗಿಯುವವರೆಗೆ ಉಪಕರಣಗಳನ್ನು ಬಿಚ್ಚಬಾರದು.