ಗೇಮ್ ಬಾಯ್ ಲಿಂಕ್ ಕೇಬಲ್

ಗೇಮ್ ಬಾಯ್ ಲಿಂಕ್ ಕೇಬಲ್ ಎಂಬುದು ಜಪಾನಿನ ನಿಂಟೆಂಡೊ ಕಂಪನಿ ತನ್ನ ಗೇಮ್ ಬಾಯ್ ವಂಶದ ಅಂಗೈ ಆಟದ ಯಂತ್ರಗಳನ್ನು ಒಂದಕ್ಕೊಂದು ಜೋಡಿಸಲು 1989ರಿಂದ ಮಾರುತ್ತಿದ್ದ ತಂತಿ. ಎರಡು ಯಂತ್ರಗಳ ಪಕ್ಕದ ಕಿಂಡಿಗಳಿಗೆ ಇದರ ಎರಡು ತುದಿಗಳನ್ನು ಸಿಕ್ಕಿಸಿದರೆ ಇಬ್ಬರು ತಮ್ಮ ತಮ್ಮ ಪರದೆ ನೋಡುತ್ತ ಒಂದೇ ಆಟ ಆಡಬಹುದಿತ್ತು. ಮೊದಲ ಏಳು ವರ್ಷ ಇದು ಬೇಕಿದ್ದವರು ಬಳಸುವ, ಬೇಡದವರು ಡಬ್ಬದಲ್ಲೇ ಬಿಡುವ ಸಾಮಾನಾಗಿತ್ತು. 1996ರಲ್ಲಿ ಬಂದ ಪೋಕೆಮಾನ್ ಈ ತಂತಿಯನ್ನೇ ಆಟದ ವಸ್ತುವಾಗಿ ಮಾಡಿತು. ಅಂಗೈ ಯಂತ್ರಗಳನ್ನು ಜೋಡಿಸಿ ಆಡುವ ಪದ್ಧತಿಯ ಚರಿತ್ರೆಯಲ್ಲಿ ನಿಜವಾದ ತಿರುವು ಅದೊಂದೇ. ಮಿಕ್ಕದ್ದೆಲ್ಲ ವೇಗ ಹೆಚ್ಚಿದ, ತಂತಿ ಮಾಯವಾದ ಕತೆ.

ಹಿನ್ನೆಲೆ

1980ರಲ್ಲಿ ನಿಂಟೆಂಡೊ ಗೇಮ್ ಅಂಡ್ ವಾಚ್ ಹೆಸರಿನ ಪುಟ್ಟ ಆಟದ ಯಂತ್ರಗಳನ್ನು ಮಾರಲು ಶುರುಮಾಡಿತು. ಅವು ಬಹುಮಟ್ಟಿಗೆ ಒಬ್ಬರೇ ಆಡುವ ಆಟಗಳು. 1984ರ ಮೈಕ್ರೊ ವಿಎಸ್ ಸಿಸ್ಟಮ್ ಮಾದರಿಗಳಲ್ಲಿ ಒಂದೇ ಪರದೆಗೆ ಎರಡು ಪುಟ್ಟ ಕಂಟ್ರೋಲರ್‌ಗಳನ್ನು ತಂತಿಯಲ್ಲಿ ಕಟ್ಟಿ ಇಬ್ಬರಿಗೆ ಅನುವು ಮಾಡಲಾಯಿತು. ಆದರೆ ಅಷ್ಟು ಚಿಕ್ಕ ಪರದೆಯ ಮೇಲೆ ಇಬ್ಬರು ಬಾಗಿ ಕೂರಬೇಕಾಗಿತ್ತು.

ಪರದೆ ಬೇರೆ ಬೇರೆ ಇರಲೇಬೇಕಾದ ಆಟವೂ ಒಂದಿತ್ತು, ಅದು ಮಜಾಂಗ್. ಇಸ್ಪೀಟಿನಂತೆ ಅಲ್ಲಿಯೂ ತನ್ನ ಕೈಯಲ್ಲಿರುವುದನ್ನು ಎದುರಾಳಿ ನೋಡಕೂಡದು. 1983ರಲ್ಲಿ ನಿಂಟೆಂಡೊ ತಂದ ಕಂಪ್ಯೂಟರ್ ಮಜಾಂಗ್ ಯಾಕುಮನ್ ಎಂಬ ಅಂಗೈ ಯಂತ್ರವನ್ನು ಇನ್ನೊಂದು ಯಂತ್ರಕ್ಕೆ ತಂತಿಯಿಂದ ಜೋಡಿಸಿ ಇಬ್ಬರು ಆಡಬಹುದಿತ್ತು. ಲಿಂಕ್ ಕೇಬಲಿನ ಹಿರಿಯಜ್ಜ ಯಾರೆಂದು ಕೇಳಿದರೆ ಈ ಮಜಾಂಗ್ ಪೆಟ್ಟಿಗೆಯ ಕಡೆಗೇ ಬೆರಳು ತೋರಿಸಬೇಕು.

ಗೇಮ್ ಬಾಯ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1989ರ ಏಪ್ರಿಲ್ 21ರಂದು, 12,500 ಯೆನ್ ಬೆಲೆಗೆ. ಅದನ್ನು ರೂಪಿಸಿದ್ದು ಗುನ್‌ಪೆಯ್ ಯೊಕೊಯ್ ಮುಖ್ಯಸ್ಥರಾಗಿದ್ದ ವಿಭಾಗ. ಎಂಜಿನಿಯರುಗಳಲ್ಲಿ ಸತೊರು ಒಕಾಡಾ ಪ್ರಮುಖರು. ಹಳೆಯದಾಗಿ ಅಗ್ಗವಾದ ತಂತ್ರಜ್ಞಾನವನ್ನು ಹೊಸ ಕೆಲಸಕ್ಕೆ ಹಚ್ಚುವುದು ಯೊಕೊಯ್ ಅವರ ಜಾಣತನ. ಬಣ್ಣದ ಪರದೆ ಬೇಡವೆಂದ ಯಂತ್ರದಲ್ಲಿ ಜೋಡಣೆಯ ಕಿಂಡಿ ಮಾತ್ರ ಮೊದಲ ದಿನದಿಂದಲೇ ಇತ್ತು. ಜೊತೆಗೆ ಬಂದ ನಾಲ್ಕು ಆಟಗಳಲ್ಲಿ ಯಾಕುಮನ್ ಮತ್ತೆ ಕಾಣಿಸಿಕೊಂಡಿತು. ಅದನ್ನೂ ಬೇಸ್‌ಬಾಲನ್ನೂ ತಂತಿ ಹಾಕಿ ಇಬ್ಬರು ಆಡಬಹುದಿತ್ತು.

ಟೆಟ್ರಿಸ್

ಅದೇ ವರ್ಷದ ಜುಲೈ ಕೊನೆಗೆ ಅಮೆರಿಕದಲ್ಲಿ ಗೇಮ್ ಬಾಯ್ ಬಿಡುಗಡೆಯಾದಾಗ ಡಬ್ಬದೊಳಗೆ ಯಂತ್ರದ ಜೊತೆ ಬ್ಯಾಟರಿ, ಇಯರ್‌ಫೋನ್, ಲಿಂಕ್ ಕೇಬಲ್, ಟೆಟ್ರಿಸ್ ಕಾರ್ಟ್ರಿಡ್ಜ್ ಎಲ್ಲವೂ ಇದ್ದವು. ಮಾರಿಯೊ ಬದಲು ಟೆಟ್ರಿಸ್ ಕೊಡಿ, ಮಕ್ಕಳಷ್ಟೇ ಅಲ್ಲ ಎಲ್ಲರೂ ಕೊಳ್ಳುತ್ತಾರೆ ಎಂದು ನಿಂಟೆಂಡೊ ಆಫ್ ಅಮೆರಿಕದ ಅಧ್ಯಕ್ಷ ಮಿನೊರು ಅರಕಾವಾ ಅವರನ್ನು ಒಪ್ಪಿಸಿದವರು ಆಟಗಳ ಪ್ರಕಾಶಕ ಹೆಂಕ್ ರೋಜರ್ಸ್. ಅಲೆಕ್ಸಿ ಪಜಿತ್ನೊವ್ ಮಾಸ್ಕೊದಲ್ಲಿ ಕಟ್ಟಿದ ಈ ಆಟ ಮೂಲದಲ್ಲಿ ಒಬ್ಬರದೇ. ಗೇಮ್ ಬಾಯ್ ಆವೃತ್ತಿಯಲ್ಲಿ ಅದಕ್ಕೆ ಜಗಳದ ಗುಣ ಬಂತು. ಒಬ್ಬರು ಒಂದೇ ಏಟಿಗೆ ಎರಡು ಸಾಲು ಅಳಿಸಿದರೆ ಎದುರಾಳಿಯ ತಳದಿಂದ ಒಂದು ಸಾಲು ಮೇಲೇಳುತ್ತದೆ. ಮೂರು ಅಳಿಸಿದರೆ ಎರಡು. ನಾಲ್ಕು ಅಳಿಸಿದರೆ ನಾಲ್ಕಕ್ಕೆ ನಾಲ್ಕೂ. ಒಬ್ಬರು ಮಾರಿಯೊ, ಇನ್ನೊಬ್ಬರು ಲೂಯಿಜಿ.

ಕಳಿಸಬೇಕಾದ ಮಾಹಿತಿ ಬಹಳ ಕಡಿಮೆ. ಎದುರಾಳಿಯ ಗುಡ್ಡೆ ಎಷ್ಟು ಎತ್ತರಕ್ಕೆ ಬಂತು, ಎಷ್ಟು ಸಾಲು ಹೊರಿಸಬೇಕು ಎಂಬಷ್ಟು ತಿಳಿದರೆ ಸಾಕು. ನಿಧಾನವಾದ ತಂತಿಗೆ ಇದಕ್ಕಿಂತ ಒಪ್ಪುವ ಆಟ ಇನ್ನೊಂದಿರಲಿಲ್ಲ. ನಮ್ಮ ಕಡೆ ಜಾತ್ರೆಗಳಲ್ಲೂ ಬಸ್ ನಿಲ್ದಾಣದ ಅಂಗಡಿಗಳಲ್ಲೂ ಮಾರುತ್ತಿದ್ದ ಅಗ್ಗದ ಬ್ರಿಕ್ ಗೇಮ್‌ಗಳಲ್ಲಿ ಟೆಟ್ರಿಸ್ಸಿನ ನಕಲು ಇತ್ತು, ಜೋಡಿಸುವ ಕಿಂಡಿ ಇರಲಿಲ್ಲ. ಹಾಗಾಗಿ ಕನ್ನಡ ಓದುಗರಲ್ಲಿ ಅನೇಕರು ಬಲ್ಲ ಟೆಟ್ರಿಸ್ ಒಂಟಿ ಆಟವೇ.

ಕೆಲಸ ಮಾಡುವ ಬಗೆ

ಕಿಂಡಿಯಲ್ಲಿ ಆರು ಪಿನ್‌ಗಳಿವೆ. ಮುಖ್ಯವಾದವು ಮೂರು: ಮಾಹಿತಿ ಹೊರಹೋಗುವ ದಾರಿ, ಒಳಬರುವ ದಾರಿ, ಗಡಿಯಾರದ ಬಡಿತ ಸಾಗುವ ದಾರಿ. ಕೇಬಲಿನೊಳಗೆ ತಂತಿಗಳು ಅಡ್ಡ ಹಾಯ್ದು ಒಬ್ಬರ ಹೊರದಾರಿ ಇನ್ನೊಬ್ಬರ ಒಳದಾರಿಗೆ ಕೂಡುತ್ತದೆ. ಎರಡು ಯಂತ್ರಗಳಲ್ಲೂ ಎಂಟು ಬಿಟ್ ಹಿಡಿಯುವ ಒಂದೊಂದು ರಿಜಿಸ್ಟರ್ ಇದೆ. ಒಂದು ಬಡಿತಕ್ಕೆ ಇಲ್ಲಿಂದ ಒಂದು ಬಿಟ್ ಆಚೆ ಹೋಗುತ್ತದೆ, ಅದೇ ಗಳಿಗೆಯಲ್ಲಿ ಅಲ್ಲಿಂದ ಒಂದು ಬಿಟ್ ಈಚೆ ಬರುತ್ತದೆ. ಎಂಟು ಬಡಿತ ಮುಗಿದಾಗ ಎರಡು ಬೈಟ್‌ಗಳು ಅದಲುಬದಲಾಗಿರುತ್ತವೆ. ಬಾವಿಯ ರಾಟೆಗೆ ಕಟ್ಟಿದ ಎರಡು ಕೊಡಗಳಂತೆ, ಒಂದು ಇಳಿಯದೆ ಇನ್ನೊಂದು ಏರುವುದಿಲ್ಲ. ಕೊಡುವುದಕ್ಕೆ ಏನೂ ಇಲ್ಲದಾಗಲೂ ಯಂತ್ರ ಏನೋ ಒಂದು ಬೈಟನ್ನು ಕೊಟ್ಟೇ ಪಡೆಯಬೇಕು.

ಬಡಿತ ಹೊಡೆಯುವುದು ಎರಡರಲ್ಲಿ ಒಂದು ಯಂತ್ರ ಮಾತ್ರ; ಇನ್ನೊಂದು ಕಾಯುತ್ತದೆ. ಯಾವುದು ಹೊಡೆಯಬೇಕೆಂದು ತೀರ್ಮಾನಿಸುವುದು ಆಟ. ಯಂತ್ರದ ಮೂಲ ಗಡಿಯಾರ ಸೆಕೆಂಡಿಗೆ 41,94,304 ಸಲ ಮಿಡಿಯುತ್ತದೆ. ಅದನ್ನು 512ರಿಂದ ಭಾಗಿಸಿದರೆ ಬರುವ 8,192 ಬಿಟ್‌ಗಳೇ ತಂತಿಯ ವೇಗ. ಎಂದರೆ ಸೆಕೆಂಡಿಗೆ ಒಂದು ಕಿಲೋಬೈಟ್. ಚಿತ್ರ ಕಳಿಸುವ ಮಾತೇ ಇಲ್ಲ. ಗುಂಡಿ ಒತ್ತಿದ್ದನ್ನು, ಅಂಕಿಗಳನ್ನು ಕಳಿಸಿ, ಚಿತ್ರವನ್ನು ಎರಡೂ ಕಡೆ ಬೇರೆಬೇರೆಯಾಗಿ ಬರೆಯಬೇಕಿತ್ತು. ಇಬ್ಬರ ಬಳಿಯೂ ಕಾರ್ಟ್ರಿಡ್ಜ್ ಇರಬೇಕಾಗಿದ್ದುದು ಇದಕ್ಕೇ.

ಇಬ್ಬರಿಗಿಂತ ಹೆಚ್ಚು ಮಂದಿ

1990ರಲ್ಲಿ ಎಫ್-1 ರೇಸ್ ಎಂಬ ಕಾರಿನ ಆಟದೊಂದಿಗೆ ನಾಲ್ವರ ಅಡಾಪ್ಟರ್ ಬಂತು. ನಾಲ್ಕು ತಂತಿಗಳು ಕೂಡುವ ಪೆಟ್ಟಿಗೆ ಅದು. ಬಳಸಿಕೊಂಡ ಆಟಗಳು ಕಡಿಮೆ. 1991ರ ಫೇಸ್‌ಬಾಲ್ 2000 ಹದಿನಾರು ಜನರ ಆಟವೆಂದು ಹೆಸರು ಮಾಡಿತು, ಆದರೆ ಅಷ್ಟು ಯಂತ್ರಗಳನ್ನು ಸರಪಳಿಯಾಗಿ ಕಟ್ಟುವ ಕೇಬಲ್ ಅಂಗಡಿಗೆ ಬರಲೇ ಇಲ್ಲ.

ಪ್ರತಿಸ್ಪರ್ಧಿಗಳೂ ಸುಮ್ಮನಿರಲಿಲ್ಲ. ಗೇಮ್ ಬಾಯ್ ಬಂದ ವರ್ಷವೇ ಬಂದ ಅಟಾರಿ ಲಿಂಕ್ಸ್ ಯಂತ್ರವನ್ನು ಎಪಿಕ್ಸ್ ಕಂಪನಿಯಲ್ಲಿ ರೂಪಿಸುವಾಗ ಮೊದಲು ಇನ್‌ಫ್ರಾರೆಡ್ ಬೆಳಕಿನಿಂದ ಜೋಡಿಸುವ ಯೋಚನೆಯಿತ್ತು. ನಡುವೆ ಯಾರಾದರೂ ಹಾದುಹೋದರೆ ಸಂಪರ್ಕ ಕಡಿಯುತ್ತದೆಂದು ಅದನ್ನು ಬಿಟ್ಟು ತಂತಿಗೇ ಮರಳಿದರು. ಕಾಮ್‌ಲಿಂಕ್ಸ್ ಎಂಬ ಆ ತಂತಿಯಲ್ಲಿ ಸ್ಲೈಮ್ ವರ್ಲ್ಡ್ ಆಟವನ್ನು ಎಂಟು ಮಂದಿ ಆಡಬಹುದಿತ್ತು. ಸೆಗಾ ಗೇಮ್ ಗೇರ್‌ಗೂ ಅದರದೇ ಕೇಬಲ್ ಇತ್ತು. ಕಾಗದದ ಮೇಲೆ ಲಿಂಕ್ಸ್ ಮುಂದಿತ್ತು, ನಿಜ. ಆದರೆ ಎಂಟು ಲಿಂಕ್ಸ್ ಇರುವ ಬೀದಿ ಎಲ್ಲಿ ಹುಡುಕುವುದು? ಜೋಡಿಸುವ ಯಂತ್ರಕ್ಕೆ ಬೇಕಾದದ್ದು ನೆರೆಮನೆಯಲ್ಲಿ ಅಂಥದೇ ಇನ್ನೊಂದು ಯಂತ್ರ. ಆ ಲೆಕ್ಕದಲ್ಲಿ ಗೇಮ್ ಬಾಯ್‌ಗೆ ಎದುರೇ ಇರಲಿಲ್ಲ. ಕಲರ್ ಮಾದರಿಯೂ ಸೇರಿ ಮಾರಾಟವಾದವು 11.8 ಕೋಟಿಗೂ ಹೆಚ್ಚು.

ಪೋಕೆಮಾನ್

ಸತೊಶಿ ತಜಿರಿ ಹುಟ್ಟಿದ್ದು 1965ರಲ್ಲಿ. ಟೋಕಿಯೊ ಹೊರವಲಯದ ಮಚಿದಾದಲ್ಲಿ ಹುಳ ಹಿಡಿಯುತ್ತ ಬೆಳೆದ ಹುಡುಗ. ಕೆರೆ, ಗದ್ದೆಗಳ ಮೇಲೆ ಕಟ್ಟಡ ಎದ್ದು ಹುಳಗಳು ಕಾಣೆಯಾದದ್ದನ್ನು ನೋಡಿದವರು. 1983ರಲ್ಲಿ ಗೇಮ್ ಫ್ರೀಕ್ ಎಂಬ ಆಟಗಳ ಪತ್ರಿಕೆ ತೆಗೆದರು. 1989ರಲ್ಲಿ ಅದೇ ಹೆಸರಿನ ಕಂಪನಿ ಕಟ್ಟಿದರು. ಲಿಂಕ್ ಕೇಬಲ್ ನೋಡಿದಾಗ ಅವರಿಗೆ ಹೊಳೆದದ್ದು ಪಂದ್ಯವಲ್ಲ. ಆ ತಂತಿಯ ಮೇಲೆ ಹುಳವೊಂದು ಒಂದು ಯಂತ್ರದಿಂದ ಇನ್ನೊಂದಕ್ಕೆ ಹರಿದು ಹೋಗುವ ಚಿತ್ರ. ಅಲ್ಲಿಯವರೆಗೆ ಆಟಗಾರರು ತಂತಿಯನ್ನು ಹೆಚ್ಚಾಗಿ ಬಳಸಿದ್ದು ಎದುರಾಳಿಯನ್ನು ಸೋಲಿಸಲು. ಕೊಟ್ಟು ತೆಗೆದುಕೊಳ್ಳುವುದಕ್ಕೂ ಅದು ಆದೀತು ಎಂಬುದನ್ನು ಕಂಡದ್ದು ತಜಿರಿ. ಯಂತ್ರದ ಒಳಗಿನ ರಿಜಿಸ್ಟರ್ ಮಾಡುತ್ತಿದ್ದುದೂ ಅದನ್ನೇ, ಆದರೆ ಆಟ ಕಟ್ಟುವವರು ಅದನ್ನು ಹೆಚ್ಚಾಗಿ ಮೇಲಕ್ಕೆ ತಂದಿರಲಿಲ್ಲ.

ಪೋಕೆಮಾನ್ ಎಂಬ ಆ ಆಟ ಸಿದ್ಧವಾಗಲು ಆರು ವರ್ಷ ಹಿಡಿಯಿತು. ಆ ನಡುವೆ ಕಂಪನಿ ಮುಳುಗುವ ಸ್ಥಿತಿಗೂ ಬಂತು. 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ರೆಡ್ ಮತ್ತು ಗ್ರೀನ್ ಎಂಬ ಎರಡು ಆವೃತ್ತಿಗಳು ಒಟ್ಟಿಗೆ ಹೊರಬಂದವು. ಎರಡಾಗಿ ಮಾಡುವ ಸಲಹೆ ನಿಂಟೆಂಡೊದ ಶಿಗೆರು ಮಿಯಾಮೊಟೊ ಅವರದು. ಕತೆ ಒಂದೇ, ಊರುಗಳು ಅವೇ, ಸಿಗುವ ಪ್ರಾಣಿಗಳಲ್ಲಿ ಮಾತ್ರ ವ್ಯತ್ಯಾಸ. ಎಕನ್ಸ್ ಎಂಬ ಹಾವು ರೆಡ್‌ನಲ್ಲಿ ಮಾತ್ರ, ಸ್ಯಾಂಡ್‌ಶ್ರೂ ಗ್ರೀನ್‌ನಲ್ಲಿ ಮಾತ್ರ. ಮೊದಲಿಗೆ ಕೊಡುವ ಮೂರು ಪೋಕೆಮಾನ್‌ಗಳಲ್ಲಿ ಆರಿಸಬಹುದಾದದ್ದು ಒಂದೇ. ಕಡಾಬ್ರಾ, ಮಷೋಕ್, ಗ್ರಾವೆಲರ್, ಹಾಂಟರ್ ಈ ನಾಲ್ಕು ಮುಂದಿನ ರೂಪಕ್ಕೆ ಬೆಳೆಯಬೇಕಾದರೆ ತಂತಿ ದಾಟಿ ಇನ್ನೊಬ್ಬರ ಯಂತ್ರಕ್ಕೆ ಹೋಗಲೇಬೇಕು. ಎಷ್ಟೇ ಚತುರನಾದರೂ ಒಬ್ಬನೇ ಕೂತು ಎಲ್ಲ ಪೋಕೆಮಾನ್‌ಗಳ ಪಟ್ಟಿ ಪೂರ್ತಿ ಮಾಡುವುದು ಸಾಧ್ಯವಿರಲಿಲ್ಲ. ಇದನ್ನು ಎರಡು ಕಾರ್ಟ್ರಿಡ್ಜ್ ಮಾರುವ ತಂತ್ರ ಎಂದು ಕರೆದವರಿದ್ದಾರೆ, ಆ ಮಾತು ಸುಳ್ಳೂ ಅಲ್ಲ. ಆದರೆ ಹೆಚ್ಚಿನ ಮಕ್ಕಳು ಮಾಡಿದ್ದು ಇನ್ನೊಂದು ಕಾರ್ಟ್ರಿಡ್ಜ್ ಕೊಳ್ಳುವುದಲ್ಲ, ಅದು ಇದ್ದ ಗೆಳೆಯನ ಮನೆ ಬಾಗಿಲು ತಟ್ಟುವುದು.

ಆಟದೊಳಗಿನ ಪ್ರತಿ ಪೋಕೆಮಾನ್ ಸೆಂಟರಿನಲ್ಲೂ ಕೇಬಲ್ ಕ್ಲಬ್ ಎಂಬ ಕೌಂಟರ್ ಇತ್ತು. ಅಲ್ಲಿ ಮೊದಲು ಆಟ ಸೇವ್ ಮಾಡಿಸಿಕೊಂಡು, ಆಮೇಲೆ ಇಬ್ಬರನ್ನೂ ಒಂದು ಮೇಜಿನ ಎರಡು ಕಡೆ ನಿಲ್ಲಿಸುತ್ತಿದ್ದರು. ಕಾಳಗದ ವೇಳೆ ಪ್ರತಿ ಏಟಿನ ಫಲವನ್ನು ತಂತಿಯಲ್ಲಿ ಕಳಿಸುತ್ತಿರಲಿಲ್ಲ. ಎರಡೂ ಯಂತ್ರಗಳು ಮೊದಲೇ ಒಂದೇ ಯಾದೃಚ್ಛಿಕ ಅಂಕಿಗಳನ್ನು ಹಂಚಿಕೊಂಡು, ಇಡೀ ಕಾಳಗವನ್ನು ತಂತಮ್ಮಲ್ಲೇ ಲೆಕ್ಕ ಹಾಕುತ್ತಿದ್ದವು. ದಾಟುತ್ತಿದ್ದುದು ಇಬ್ಬರ ಆಯ್ಕೆಗಳು ಮಾತ್ರ. ಲೆಕ್ಕ ಎಲ್ಲಾದರೂ ತಪ್ಪಿದರೆ ಒಬ್ಬರ ಪರದೆಯಲ್ಲಿ ಸತ್ತದ್ದು ಇನ್ನೊಬ್ಬರ ಪರದೆಯಲ್ಲಿ ಬದುಕಿರುತ್ತಿತ್ತು. ವಿನಿಮಯದ ನಡುವೆ ಸರಿಯಾದ ಗಳಿಗೆಗೆ ಸ್ವಿಚ್ ಆರಿಸಿದರೆ ಒಂದೇ ಪೋಕೆಮಾನ್ ಎರಡೂ ಕಡೆ ಉಳಿಯುತ್ತದೆ ಎಂಬ ಗುಟ್ಟು ಶಾಲೆಯಿಂದ ಶಾಲೆಗೆ ಹಬ್ಬಿತು. ಗಳಿಗೆ ತಪ್ಪಿದರೆ ನಷ್ಟ.

ಪಟ್ಟಿಯಲ್ಲಿ ಇದ್ದದ್ದು 150. ಶಿಗೆಕಿ ಮೊರಿಮೊಟೊ ಎಂಬ ಪ್ರೋಗ್ರಾಮರ್ ಕೊನೆಗಳಿಗೆಯಲ್ಲಿ ಉಳಿದ ಸುಮಾರು 300 ಬೈಟ್ ಜಾಗದಲ್ಲಿ ಮ್ಯೂ ಎಂಬ 151ನೆಯದನ್ನು ಸೇರಿಸಿಟ್ಟಿದ್ದರು. ಕೊರೊಕೊರೊ ಎಂಬ ಮಕ್ಕಳ ಪತ್ರಿಕೆ ಇಪ್ಪತ್ತು ಮಂದಿಗೆ ಅದನ್ನು ಕೊಡುವುದಾಗಿ ಸಾರಿದಾಗ 78,000ಕ್ಕೂ ಹೆಚ್ಚು ಅರ್ಜಿ ಬಂದವು. ಮುಪ್ಪಾಗಿದ್ದ ಗೇಮ್ ಬಾಯ್ ಮತ್ತೆ ಅಂಗಡಿಗಳಲ್ಲಿ ಓಡತೊಡಗಿತು. ಅಮೆರಿಕಕ್ಕೆ ರೆಡ್ ಮತ್ತು ಬ್ಲೂ ಹೋದದ್ದು 1998ರ ಸೆಪ್ಟೆಂಬರಿನಲ್ಲಿ. ಜಪಾನಿ ಕಾರ್ಟ್ರಿಡ್ಜನ್ನು ಇಂಗ್ಲಿಷಿನದಕ್ಕೆ ಜೋಡಿಸಿದರೆ ಮಾತ್ರ ಸೇವ್ ಕೆಡುತ್ತಿತ್ತು.

ಕಿಂಡಿಗೆ ಸಿಕ್ಕ ಬೇರೆ ಸಾಮಾನುಗಳು

ಕಿಂಡಿ ಇದ್ದ ಮೇಲೆ ಅದಕ್ಕೆ ಏನನ್ನಾದರೂ ಸಿಕ್ಕಿಸುವವರು ಇದ್ದೇ ಇರುತ್ತಾರೆ. 1998ರಲ್ಲಿ ಗೇಮ್ ಬಾಯ್ ಕ್ಯಾಮೆರಾದ ಚಿತ್ರ ಮುದ್ರಿಸುವ ಪುಟ್ಟ ಪ್ರಿಂಟರ್ ಬಂತು. ಸಿಂಗರ್ ಕಂಪನಿಯ ಐಝೆಕ್ ಹೊಲಿಗೆ ಯಂತ್ರ 2000ದ ಸುಮಾರಿಗೆ ಇದೇ ಕಿಂಡಿಗೆ ಕೂಡಿತು. ಪರದೆಯಲ್ಲಿ ಹೊಲಿಗೆಯ ವಿನ್ಯಾಸ ಆರಿಸಿದರೆ ಯಂತ್ರ ಹೊಲಿಯುತ್ತಿತ್ತು. ಯೋಹಾನ್ ಕೊಟ್ಲಿನ್‌ಸ್ಕಿ ಬರೆದ ಲಿಟಲ್ ಸೌಂಡ್ ಡಿಜೆ ಎಂಬ ಸಂಗೀತದ ಪ್ರೋಗ್ರಾಮು ಎರಡು ಗೇಮ್ ಬಾಯ್‌ಗಳನ್ನು ತಂತಿಯಲ್ಲಿ ಒಂದೇ ತಾಳಕ್ಕೆ ಕಟ್ಟಿತು. ಇಂದಿಗೂ ವೇದಿಕೆಗಳಲ್ಲಿ ಅದನ್ನು ನುಡಿಸುವವರಿದ್ದಾರೆ.

ಕಲರ್, ಅಡ್ವಾನ್ಸ್ ಮತ್ತು ತಂತಿಯ ಕೊನೆ

1996ರ ಗೇಮ್ ಬಾಯ್ ಪಾಕೆಟ್‌ನಲ್ಲಿ ಕಿಂಡಿ ಚಿಕ್ಕದಾಯಿತು. ಹಳೆಯ ತಂತಿ ಹೊಸದಕ್ಕೆ ಕೂರದೆ ಅಡಾಪ್ಟರ್ ಬೇಕಾಯಿತು. 1998ರ ಗೇಮ್ ಬಾಯ್ ಕಲರ್ ಅದೇ ಚಿಕ್ಕ ಕಿಂಡಿ ಉಳಿಸಿಕೊಂಡು ವೇಗ ಹೆಚ್ಚಿಸಿತು, ಜೊತೆಗೆ ಇನ್‌ಫ್ರಾರೆಡ್ ಕಣ್ಣೊಂದನ್ನೂ ಇಟ್ಟಿತು. ಪೋಕೆಮಾನ್ ಗೋಲ್ಡ್, ಸಿಲ್ವರ್ ಆಟಗಳಲ್ಲಿ ಉಡುಗೊರೆ ಕಳಿಸುವುದಕ್ಕೆ ಅದು ಬಳಕೆಯಾಯಿತು. ಮುಂದಿನ ಯಂತ್ರದಲ್ಲಿ ಅದು ಇರಲಿಲ್ಲ. 2001ರ ಜನವರಿಯಲ್ಲಿ ಜಪಾನಿನಲ್ಲಿ ಮೊಬೈಲ್ ಫೋನಿಗೆ ಗೇಮ್ ಬಾಯ್ ಕಟ್ಟುವ ಅಡಾಪ್ಟರ್ ಬಂದು 2002ರ ಕೊನೆಗೆ ನಿಂತುಹೋಯಿತು.

2001ರ ಗೇಮ್ ಬಾಯ್ ಅಡ್ವಾನ್ಸ್‌ನ ತಂತಿ ನಿಜಕ್ಕೂ ಜಾಣ ವಸ್ತು. ನಡುವೆ ಒಂದು ಪುಟ್ಟ ಡಬ್ಬಿ. ಮೂರನೆಯವರ ತಂತಿ ಅದಕ್ಕೆ, ನಾಲ್ಕನೆಯವರದು ಇನ್ನೊಂದಕ್ಕೆ. ಹೀಗೆ ಬೇರೆ ಪೆಟ್ಟಿಗೆ ಇಲ್ಲದೆ ನಾಲ್ವರು ಸೇರಬಹುದಿತ್ತು. ನೇರಳೆ ತುದಿ ಯಾರ ಯಂತ್ರದಲ್ಲಿದೆಯೋ ಅವರೇ ಮೊದಲ ಆಟಗಾರ. ಅದಕ್ಕಿಂತ ದೊಡ್ಡ ಬದಲಾವಣೆ ಒಂದೇ ಕಾರ್ಟ್ರಿಡ್ಜ್‌ನಿಂದ ಎಲ್ಲರೂ ಆಡುವ ಸೌಲಭ್ಯ. ಒಡೆಯನ ಯಂತ್ರ 256 ಕಿಲೋಬೈಟ್‌ವರೆಗಿನ ಪ್ರೋಗ್ರಾಮನ್ನು ತಂತಿಯಲ್ಲಿ ಉಳಿದವರಿಗೆ ಸುರಿಯುತ್ತಿತ್ತು. ಮಾರಿಯೊ ಕಾರ್ಟ್ ಸೂಪರ್ ಸರ್ಕ್ಯೂಟ್‌ನಲ್ಲಿ ಹೀಗೆ ಆಡಿದರೆ ಎಲ್ಲರೂ ಬೇರೆ ಬೇರೆ ಬಣ್ಣದ ಯೋಶಿ. 2002ರ ಝೆಲ್ಡಾ ಫೋರ್ ಸೋರ್ಡ್ಸ್ ಇನ್ನೂ ಹಟಮಾರಿ. ಜೊತೆಗಾರರಿಲ್ಲದೆ ಶುರುವೇ ಆಗುತ್ತಿರಲಿಲ್ಲ. ಅದನ್ನು ಒಬ್ಬರೇ ಆಡುವ ಅವಕಾಶ ಬಂದದ್ದು 2011ರ ಮರುಬಿಡುಗಡೆಯಲ್ಲಿ.

2004ರಲ್ಲಿ ಪೋಕೆಮಾನ್ ಫೈರ್‌ರೆಡ್, ಲೀಫ್‌ಗ್ರೀನ್ ಜೊತೆ ತಂತಿಯಿಲ್ಲದ ಅಡಾಪ್ಟರ್ ಬಂತು. ಅದೇ ವರ್ಷದ ಕೊನೆಗೆ ನಿಂಟೆಂಡೊ ಡಿಎಸ್ ಮತ್ತು ಸೋನಿ ಪಿಎಸ್‌ಪಿ ಎರಡೂ ರೇಡಿಯೊ ಅಲೆಯನ್ನು ಒಳಗೇ ಇಟ್ಟುಕೊಂಡು ಬಂದವು. ಡಿಎಸ್ ಅಡ್ವಾನ್ಸ್ ಕಾರ್ಟ್ರಿಡ್ಜ್‌ಗಳನ್ನು ಆಡಿಸುತ್ತಿತ್ತು, ಆದರೆ ಕಿಂಡಿ ಇಲ್ಲದ್ದರಿಂದ ಒಬ್ಬರಿಗೆ ಮಾತ್ರ. ಅಡ್ವಾನ್ಸ್‌ನಲ್ಲಿ ಹಿಡಿದ ಪೋಕೆಮಾನ್‌ಗಳ ವಿನಿಮಯಕ್ಕೆ ಹಳೆಯ ಯಂತ್ರವನ್ನೇ ಇಟ್ಟುಕೊಳ್ಳಬೇಕಾಯಿತು.

ಈಚಿನ ದಿನಗಳು

ಹಳೆಯ ಯಂತ್ರಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಎಮ್ಯುಲೇಟರ್‌ಗಳಿಗೆ ಲಿಂಕ್ ಕೇಬಲ್ ಬಹಳ ಕಾಲ ತಲೆನೋವು. ಗಡಿಯಾರದ ಬಡಿತಕ್ಕೆ ತಕ್ಷಣ ಉತ್ತರ ಬರುತ್ತದೆಂದು ನಂಬಿ ಬರೆದ ಆಟಗಳು ಇಂಟರ್ನೆಟ್ಟಿನ ವಿಳಂಬವನ್ನು ತಡೆಯುವುದಿಲ್ಲ. 2021ರಲ್ಲಿ ರಾಸ್ಪ್‌ಬೆರಿ ಪೈ ಪೀಕೊ ಎಂಬ ಅಗ್ಗದ ಬೋರ್ಡನ್ನು ಕಿಂಡಿಗೂ ಕಂಪ್ಯೂಟರಿಗೂ ನಡುವೆ ಇಟ್ಟು ನಿಜವಾದ ಗೇಮ್ ಬಾಯ್‌ಗಳಲ್ಲೇ ಇಂಟರ್ನೆಟ್ ಮೂಲಕ ಟೆಟ್ರಿಸ್ ಆಡಿಸಿ ತೋರಿಸಲಾಯಿತು. ಗಡಿಯಾರ ಹೊಡೆಯುವ ಕೆಲಸವನ್ನು ಬೋರ್ಡೇ ವಹಿಸಿಕೊಂಡಿತು. ಟೆಟ್ರಿಸ್ ಕಳಿಸುವುದು ಕಡಿಮೆ, ಹಾಗಾಗಿ ವಿಳಂಬ ಬಾಧಿಸಲಿಲ್ಲ. ಅದೇ ವರ್ಷ ಬಂದ ಅನಲಾಗ್ ಪಾಕೆಟ್ ಯಂತ್ರ ಹಳೆಯ ಕಿಂಡಿಯನ್ನು ಹಾಗೇ ಉಳಿಸಿಕೊಂಡಿದೆ. ನಿಂಟೆಂಡೊ 2016ರಲ್ಲಿ ಮೊದಲ ಪೋಕೆಮಾನ್ ಆಟಗಳನ್ನು 3ಡಿಎಸ್‌ಗೆ ತಂದಾಗ ಕೇಬಲ್ ಕ್ಲಬ್ ಉಳಿಯಿತು, ತಂತಿಯ ಜಾಗಕ್ಕೆ ರೇಡಿಯೊ ಬಂತು. 2023ರ ಫೆಬ್ರವರಿಯಿಂದ ಸ್ವಿಚ್ ಚಂದಾದಾರರು ಗೇಮ್ ಬಾಯ್ ಆಟಗಳನ್ನು ದೂರದಲ್ಲಿದ್ದುಕೊಂಡೇ ಇಬ್ಬರು ಆಡಬಹುದಾಗಿದೆ. 2022ರ ಜನವರಿಯಲ್ಲಿ ಬಂದ ಪೋಕೆಮಾನ್ ಲೆಜೆಂಡ್ಸ್ ಆರ್ಸಿಯಸ್‌ನಲ್ಲಿ ಲಿಂಕಿಂಗ್ ಕಾರ್ಡ್ ಎಂಬ ಹಗ್ಗದ ತುಂಡೊಂದು ಸಿಗುತ್ತದೆ. ಅದನ್ನು ಬಳಸಿದರೆ ಕಡಾಬ್ರಾ ಯಾರ ಯಂತ್ರಕ್ಕೂ ಹೋಗದೆ ಮುಂದಿನ ರೂಪ ಪಡೆಯುತ್ತದೆ.