ಓಲೆಯ ಪ್ರತಿಯೂ ನಮ್ಮ ಹೊಣೆಯೂ

ಶರಣರ ವಚನಗಳು ಬಹುಕಾಲ ತಾಳೆಯೋಲೆಯ ಕಟ್ಟುಗಳಲ್ಲಿಯೇ ಉಳಿದಿದ್ದವು. ಲಿಂಗೈಕ್ಯ ಫ. ಗು. ಹಳಕಟ್ಟಿಯವರು ಅವುಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು, 1925ರಲ್ಲಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತಾವೇ ಸ್ಥಾಪಿಸಿದರು. ಯಂತ್ರವು ಯಾರದಾದರೂ ಪಾಠದ ಹೊಣೆಯು ಸಂಗ್ರಾಹಕರದೇ ಆಗಿದ್ದಿತು.

ಇಂದು ಓಲೆಗಳ ಡಿಜಿಟಲ್ ಪ್ರತಿ ತೆಗೆಯುವ ಕಾರ್ಯವನ್ನು ಹೊರಗಿನವರಿಗೆ ಒಪ್ಪಿಸುವ ಪದ್ಧತಿಯುಂಟು. ಒಪ್ಪಿಸುವ ಮುನ್ನ ಪ್ರತಿಯೊಂದು ಕಟ್ಟಿನ ಗರಿಗಳನ್ನು ಎಣಿಸಿ ಬರೆದಿಡತಕ್ಕದ್ದು. ಹಿಂದಿರುಗಿದ ಮೇಲೆ ಚಿತ್ರವನ್ನು ಗರಿಯೊಡನೆ ಹೋಲಿಸತಕ್ಕದ್ದು. ಅಂಚಿನ ಒಂದು ಸಾಲು ತಪ್ಪಿದರೆ ಅಂಕಿತವೇ ಹೋದೀತು. ಅಂಕಿತವಿಲ್ಲದ ವಚನವು ಯಾವ ಶರಣರದೆಂದು ಹೇಳುವವರಾರು? ಬಬ್ಬೂರು ಸೀಮೆಯ ಸದ್ಭಕ್ತರು ತಮ್ಮ ಮನೆಯ ಕಟ್ಟುಗಳನ್ನು ಪ್ರತಿಗೆ ಕೊಡುವಾಗ ಈ ಎಚ್ಚರವನ್ನು ಮರೆಯದಿರಲಿ. ಪೂರ್ವಿಕರ ನಿಧಿಯು ಮುಂದಿನವರಿಗೆ ಅಖಂಡವಾಗಿ ಸಲ್ಲಲಿ.